ವಿಗ್, ಪ್ಯಾಚ್, ಟಾಪರ್: ನಮ್ಮ ಬಿಸಿಲಿಗೆ, ನಮ್ಮ ತಲೆಗೆ ಯಾವುದು ಹೊಂದುತ್ತದೆ?

ದಾವಣಗೆರೆ ಕಡೆ ವಿಗ್ ಅಂದರೆ ಇವತ್ತಿಗೂ ಜನಕ್ಕೆ ನೆನಪಾಗುವುದು ನಾಟಕದ ಟೋಪನ್. ದುಗ್ಗಮ್ಮನ ಜಾತ್ರೆಗೆ ಬಂದು ಕ್ಯಾಂಪ್ ಹಾಕುವ ನಾಟಕ ಕಂಪನಿಗಳಲ್ಲಿ ರಾಜನ ತಲೆಯ ಮೇಲೂ ಅದೇ, ಹಾಸ್ಯಪಾತ್ರದವನ ತಲೆಯ ಮೇಲೂ ಅದೇ. ಹಾಗಾಗಿ ಯಾರಾದರೂ "ಒಂದು ವಿಗ್ ತಗಳಪ್ಪ" ಅಂದರೆ ಸಾಕು, ಕೇಳಿದವರ ಮುಖ ಸಣ್ಣದಾಗುತ್ತದೆ. ಈಗ ಸಿಗುವ ಸಾಮಾನೇ ಬೇರೆ. ಆದರೆ ಕೊಳ್ಳಲು ಹೋದವರು ನೋಡುವುದು ಮಾತ್ರ ಹಳೆಯದನ್ನೇ: ಕೂದಲು ಎಷ್ಟು ದಟ್ಟ, ಎಷ್ಟು ಕಪ್ಪು, ಎಷ್ಟು ಮಿಂಚು.

ನಾನು ಹೇಳುವುದು ಇಷ್ಟೇ. ಕೂದಲನ್ನು ಆಮೇಲೆ ನೋಡಿ. ಮೊದಲು ಅದನ್ನು ತಿರುಗಿಸಿ ಒಳಭಾಗ ನೋಡಿ. ಬೇಸ್ (ಕೂದಲನ್ನು ಕೂರಿಸಿರುವ ತಳ) ಯಾವುದು, ಅದು ತಲೆಗೆ ಯಾವುದರಿಂದ ನಿಲ್ಲುತ್ತದೆ, ನಿಮ್ಮ ದಿನ ಹೇಗೆ ಕಳೆಯುತ್ತದೆ. ಈ ಮೂರೂ ಹೊಂದಿದರೆ ಸಾಧಾರಣ ಕೂದಲೂ ಚೆನ್ನಾಗಿ ಕಾಣುತ್ತದೆ. ಹೊಂದದಿದ್ದರೆ ಎಷ್ಟೇ ದುಬಾರಿ ಕೂದಲಾದರೂ ತಿಂಗಳೊಳಗೆ ಬೀರು ಸೇರುತ್ತದೆ.

ನಾನು ಹಾಕುವುದು ಕ್ಲಿಪ್ಪಿನ ಟಾಪರ್, ಅಂದರೆ ಇರುವ ಕೂದಲಿಗೇ ಸಿಕ್ಕಿಸಿ ನೆತ್ತಿಯನ್ನಷ್ಟೇ ಮುಚ್ಚುವ ಅರೆ ವಿಗ್. ನಮ್ಮಣ್ಣ ಹಾಕುವುದು ಟೇಪಿನ ಪ್ಯಾಚ್, ಅಂದರೆ ಬೋಳಾದ ಜಾಗವನ್ನಷ್ಟೇ ಮುಚ್ಚುವ ಗಂಡಸರ ಅರೆ ವಿಗ್; ಅವನು ದಿನಾ ಬೈಕಿನಲ್ಲಿ ಹರಿಹರಕ್ಕೆ ಹೋಗಿ ಬರುವವನು. ಮುಂದೆ ಬರುವ ಮಾತಿನಲ್ಲಿ ಇಬ್ಬರ ತಲೆಯೂ ಇದೆ.

ಅಂಗಡಿಗೆ ಮುಂಚೆ ಡಾಕ್ಟರು

ಎಲ್ಲ ಬಗೆಯ ಕೂದಲು ಉದುರುವಿಕೆಗೂ ವಿಗ್ ಬೇಕಿಲ್ಲ. ಟೈಫಾಯಿಡ್, ಡೆಂಗ್ಯೂ ಬಂದು ಹೋದ ಮೇಲೆ, ಹೆರಿಗೆ ಆದ ಮೇಲೆ, ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರುತ್ತದೆ. ಗಾಬರಿಯಾಗುತ್ತದೆ ನಿಜ. ಆದರೆ ಇದು ಸಾಮಾನ್ಯವಾಗಿ ತಾನೇ ನಿಂತು, ಕೆಲವು ತಿಂಗಳಲ್ಲಿ ಕೂದಲು ವಾಪಸ್ ಬೆಳೆಯುತ್ತದೆ. ಥೈರಾಯ್ಡ್ ಏರುಪೇರಾದರೂ, ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದರೂ ಉದುರುತ್ತದೆ. ಅದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ದುಂಡಗೆ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋದರೆ ನಮ್ಮ ಕಡೆ "ಹುಳ ತಿಂದಿದೆ" ಅನ್ನುತ್ತಾರೆ. ಹುಳವೂ ಇಲ್ಲ, ಏನೂ ಇಲ್ಲ. ಸಾಮಾನ್ಯವಾಗಿ ಮೈಯ ರಕ್ಷಣಾ ಶಕ್ತಿಯೇ ಕೂದಲಿನ ಬೇರಿನ ಮೇಲೆ ತಿರುಗಿ ಬೀಳುವ ಕಾಯಿಲೆ ಅದು, ಅದಕ್ಕೆ ಚಿಕಿತ್ಸೆ ಇದೆ. ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳಬೇಡಿ. ಬೋಳಾದ ಜಾಗ ಕೆಂಪಾಗಿ ಉರಿಯುತ್ತಿದ್ದರೆ, ನೋವಿದ್ದರೆ, ಕೀವಿದ್ದರೆ, ಅದನ್ನು ಪ್ಯಾಚ್ ಹಾಕಿ ಮುಚ್ಚುವುದು ದೊಡ್ಡ ತಪ್ಪು. ಕೆಲವು ಕಾಯಿಲೆಗಳಲ್ಲಿ ಬೇರೇ ಸತ್ತು ಕಲೆಯಾಗುತ್ತದೆ, ತಡ ಮಾಡಿದಷ್ಟೂ ಜಾಗ ಹೋಗುತ್ತದೆ. ಬಾಪೂಜಿ ಆಸ್ಪತ್ರೆಯಲ್ಲೋ ಚಿಗಟೇರಿ ಆಸ್ಪತ್ರೆಯಲ್ಲೋ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ, ಆಮೇಲೆ ಮುಂದಿನ ಯೋಚನೆ ಮಾಡಿ.

ಗಂಡಸರ ಹಣೆ ಮೇಲೇರುತ್ತಾ, ಸುಳಿಯ ಹತ್ತಿರ ಬಯಲಾಗುತ್ತಾ ಹೋಗುವುದು ವಂಶದ್ದು. ಹೆಂಗಸರಿಗೂ ವಂಶದ್ದಿದೆ, ಆದರೆ ಹಣೆ ಹಾಗೇ ಉಳಿದು ಬೈತಲೆ ಅಗಲವಾಗುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಗಂಡಸರಿಗೆ ಪ್ಯಾಚ್, ಹೆಂಗಸರಿಗೆ ಟಾಪರ್ ಅಂತ ಬೇರೆ ಬೇರೆ ಬಂದಿರುವುದೇ ಇದರಿಂದ.

ಎಷ್ಟು ಮುಚ್ಚಬೇಕು?

ಬೈತಲೆ ಸ್ವಲ್ಪ ಬಿಳಿ ಕಾಣುತ್ತಿದೆ ಅಷ್ಟೇ ಅನ್ನುವವರಿಗೆ ಹೇರ್ ಫೈಬರ್ ಪುಡಿ ಸಾಕು. ಸಣ್ಣ ಕೂದಲಿನಂಥ ನಾರು, ಇರುವ ಕೂದಲಿಗೆ ಅಂಟಿಕೊಂಡು ದಟ್ಟವಾಗಿ ತೋರಿಸುತ್ತದೆ. ಪೂರ್ತಿ ಬೋಳಾದ ಜಾಗದಲ್ಲಿ ಅಂಟಲು ಏನೂ ಇಲ್ಲದೆ ಮಸಿ ಬಳಿದ ಹಾಗೆ ಕಾಣುತ್ತದೆ. ಬೆವರಿದರೆ ಕಾಲರಿಗೆ ಇಳಿಯುತ್ತದೆ. ಒಂದು ಫೋಟೋ, ಒಂದು ಸಂಜೆಯ ಆರತಕ್ಷತೆ, ಅಷ್ಟಕ್ಕೆ ಸರಿ.

ಬೈತಲೆ ಅಗಲವಾಗಿದೆ, ಸುತ್ತ ಗಟ್ಟಿ ಕೂದಲಿದೆ ಅನ್ನುವ ಹೆಂಗಸರಿಗೆ ಟಾಪರ್. ನೆತ್ತಿಯ ಮೇಲೆ ಕೂತು, ಇರುವ ಕೂದಲಿಗೇ ಕ್ಲಿಪ್ ಹಿಡಿಯುತ್ತದೆ. ಟಾಪರ್ ಬೇಸ್ ಬಯಲಾದ ಜಾಗಕ್ಕಿಂತ ದೊಡ್ಡದಿರಬೇಕು, ಕ್ಲಿಪ್ ಬೀಳುವುದು ಗಟ್ಟಿ ಕೂದಲಿನ ಮೇಲಾಗಬೇಕು. ಸಣ್ಣದು ಕೊಂಡರೆ ಕ್ಲಿಪ್ಪು ತೆಳು ಕೂದಲನ್ನು ಹಿಡಿದು, ಉಳಿದದ್ದನ್ನೂ ಕಿತ್ತು ತರುತ್ತದೆ. ಇನ್ನು ಜಡೆಗೆ ಸೇರಿಸುವ ಚೌರಿ ಉದ್ದಕ್ಕೆ ಮಾತ್ರ. ನೆತ್ತಿ ಬಯಲಾದವರು ಭಾರದ ಚೌರಿ ಹಾಕಿ ಎಳೆಸಿಕೊಂಡರೆ ಬೇರು ಇನ್ನೂ ಸಡಿಲವಾಗುತ್ತದೆ.

ಮುಂದೆ ಮತ್ತು ನೆತ್ತಿ ಬಕ್ಕವಾಗಿ ಪಕ್ಕ, ಹಿಂದೆ ಕೂದಲಿರುವ ಗಂಡಸರಿಗೆ ಪ್ಯಾಚ್. ಸಿದ್ಧ ಅಳತೆಯಲ್ಲಿ 8×6, 9×7, 10×8 ಇಂಚು ಸಾಮಾನ್ಯ. ಅಳತೆಯನ್ನು ಕಣ್ಣಂದಾಜಿನಲ್ಲಿ ಹೇಳುವವರ ಹತ್ತಿರ ಕೊಳ್ಳಬೇಡಿ. ಸರಿಯಾದ ಕ್ರಮ ಹೀಗೆ: ತಲೆಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಮೇಲೆ ಸೆಲ್ಲೋ ಟೇಪ್ ಅಂಟಿಸಿ ಗಟ್ಟಿ ಮಾಡಿ, ಬೋಳಾದ ಜಾಗದ ಅಂಚನ್ನು ಮಾರ್ಕರಿನಲ್ಲಿ ಗುರುತು ಹಾಕುತ್ತಾರೆ. ತೆಗೆದರೆ ನಿಮ್ಮ ನೆತ್ತಿಯ ಅಚ್ಚು ಸಿಗುತ್ತದೆ. ಮನೆಯಲ್ಲೇ ಮಾಡಬಹುದು, ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು ಅಷ್ಟೇ.

ತಲೆಪೂರ್ತಿ ಕೂದಲು ಹೋದವರಿಗೆ ಮಾತ್ರ ಪೂರ್ತಿ ವಿಗ್. ಹಣೆಯ ಅಂಚು, ಕಿವಿಯ ಹಿಂದೆ, ಕತ್ತಿನ ಹಿಂಭಾಗ ಸುತ್ತಿ ಅಳತೆ ಟೇಪಿನಲ್ಲಿ ಅಳೆಯಿರಿ. ದೊಡ್ಡವರಿಗೆ 22 ಇಂಚಿನ ಆಸುಪಾಸು ಬರುತ್ತದೆ.

ಬೇಸ್: ನಿಜವಾದ ಆಯ್ಕೆ ಇಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 38, 39 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಲ್ಲಿ ಹೆಲ್ಮೆಟ್ ಒಳಗೆ ಕೂತ ಪ್ಯಾಚ್ ಒಂದನ್ನು ನೆನೆಸಿಕೊಳ್ಳಿ. ಎಸಿ ಸಲೂನಿನ ಕನ್ನಡಿಯಲ್ಲಿ ನೋಡಿದ್ದಕ್ಕೂ ಇದಕ್ಕೂ ಸಂಬಂಧ ಇರುವುದಿಲ್ಲ.

ಲೇಸ್ ಬೇಸ್ ಅಂದರೆ ತೆಳ್ಳನೆ ಬಲೆ. ಒಂದೊಂದೇ ಕೂದಲನ್ನು ಅದಕ್ಕೆ ಗಂಟು ಹಾಕಿರುತ್ತಾರೆ. ಗಾಳಿಯಾಡುತ್ತದೆ, ಬೆವರು ಆರುತ್ತದೆ, ಹಣೆಯ ಅಂಚು ಚರ್ಮದಲ್ಲೇ ಹುಟ್ಟಿದ ಹಾಗೆ ಕಾಣುತ್ತದೆ. ಗಂಟುಗಳು ಕಪ್ಪು ಚುಕ್ಕಿಯಾಗಿ ಕಾಣದಿರಲಿ ಅಂತ ಬ್ಲೀಚ್ ಮಾಡಿರುತ್ತಾರೆ. ಕೊರತೆ ಒಂದೇ: ನಾಜೂಕು. ಒರಟಾಗಿ ಎಳೆದರೆ ಹರಿಯುತ್ತದೆ. ದಿನಾ ಹಾಕಿದರೆ ಮೂರರಿಂದ ಆರು ತಿಂಗಳು ಅಂದುಕೊಳ್ಳಿ.

ಮೋನೋ ಅದಕ್ಕಿಂತ ದಪ್ಪನೆಯ, ಗಟ್ಟಿ ಬಲೆ. ಚೆನ್ನಾಗಿ ನೋಡಿಕೊಂಡರೆ ವರ್ಷದ ಹತ್ತಿರ ಬಾಳುತ್ತದೆ. ಹಣೆಯ ಅಂಚು ಲೇಸಿನಷ್ಟು ಸಹಜವಲ್ಲ, ಹಾಗಾಗಿ ಮುಂಗೂದಲನ್ನು ಹಣೆಗೆ ಇಳಿಸಿ ಬಾಚುವವರಿಗೆ ಒಳ್ಳೆಯದು.

ಪಾಲಿ ಬೇಸ್, ಕೆಲವರು ಸ್ಕಿನ್ ಬೇಸ್ ಅನ್ನುವುದು, ಪಾರದರ್ಶಕ ಪೊರೆ. ಚರ್ಮಕ್ಕೆ ಅಂಟಿದರೆ ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗುವುದಿಲ್ಲ. ಟೇಪು ಚೆನ್ನಾಗಿ ಹಿಡಿಯುತ್ತದೆ, ತೊಳೆಯುವುದೂ ಸುಲಭ. ಆದರೆ ಗಾಳಿಯಾಡುವುದಿಲ್ಲ. 0.03 ಮಿಲಿಮೀಟರಿನಷ್ಟು ತೆಳ್ಳಗಿನದು ಸಿಗುತ್ತದೆ, ಅದು ತಿಂಗಳು ಎರಡು ತಿಂಗಳಲ್ಲೇ ಮುಗಿಯುತ್ತದೆ. ದಪ್ಪದ್ದು ಬಾಳುತ್ತದೆ, ಒಳಗೆ ಬೆವರು ನಿಂತು ತುರಿಕೆ ತರುತ್ತದೆ. ಮಂಡಕ್ಕಿ ಭಟ್ಟಿಯ ಮುಂದೆ, ಹೋಟೆಲ್ ಒಲೆಯ ಮುಂದೆ, ಬಿಸಿಲಿನ ಸೈಟಿನಲ್ಲಿ ನಿಲ್ಲುವವರಿಗೆ ಪಾಲಿ ಬೇಡ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರು ಬೇಕಾದರೆ ಹಾಕಿ.

ಇವನ್ನು ಬೆರೆಸಿದ್ದೂ ಇದೆ: ಮುಂದೆ ಲೇಸ್, ನಡುವೆ ಮೋನೋ, ಪಕ್ಕ ಮತ್ತು ಹಿಂದೆ ಅಂಟಿಸಲು ಪಾಲಿ ಪಟ್ಟಿ. ನಮ್ಮಣ್ಣ ಇದಕ್ಕೇ ನಿಂತಿದ್ದಾನೆ. ಬೈಕಿನವರಿಗೆ ನಾನೂ ಇದನ್ನೇ ಹೇಳುತ್ತೇನೆ. ಹೆಂಗಸರ ಟಾಪರಿನಲ್ಲಿ ಸಿಲ್ಕ್ ಬೇಸ್ ಅಂತ ಇನ್ನೊಂದಿದೆ. ಗಂಟುಗಳು ಎರಡು ಪದರದ ನಡುವೆ ಅಡಗಿ, ಬೈತಲೆ ತೆಗೆದರೆ ನಿಜವಾದ ನೆತ್ತಿಯೇ ಕಾಣುತ್ತದೆ. ಲೇಸಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಸೆಕೆ. ಬೈತಲೆಗೆ ಕುಂಕುಮ ಇಡುವವರಿಗೆ ಒಂದು ಕಿವಿಮಾತು: ಪುಡಿ ಕುಂಕುಮ ಬೇಸಿನೊಳಗೆ ಇಳಿದರೆ ಕಲೆ ಹೋಗುವುದಿಲ್ಲ. ಹಣೆಯ ಅಂಚಿನ ಕೆಳಗೆ, ನಿಮ್ಮದೇ ಚರ್ಮದ ಮೇಲೆ ಇಡಿ.

ಚಿತ್ರದುರ್ಗದವರಿಗೆ ಬಿಸಿಲಿನ ಜೊತೆ ಗಾಳಿಯ ಲೆಕ್ಕವೂ ಬೇಕು. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಆಷಾಢದ ಗಾಳಿಯಲ್ಲಿ ಕೋಟೆ ಹತ್ತುವಾಗ ಮುಂದಿನ ಅಂಚು ಎದ್ದರೆ ಮುಗಿಯಿತು. ಅಲ್ಲಿ ಮುಂಭಾಗಕ್ಕೆ ಟೇಪ್ ಇಲ್ಲದ, ಬರೀ ಕ್ಲಿಪ್ಪಿನ ಪ್ಯಾಚ್ ಧೈರ್ಯ ಕೊಡುವುದಿಲ್ಲ.

ಕ್ಲಿಪ್ಪೋ, ಟೇಪೋ, ಗಮ್ಮೋ?

ಕ್ಲಿಪ್ಪಿನ ದೊಡ್ಡ ಸುಖ ರಾತ್ರಿ ತೆಗೆದಿಡಬಹುದು ಅನ್ನುವುದು. ನೆತ್ತಿಗೆ ಗಾಳಿ ಸಿಗುತ್ತದೆ, ಡಾಕ್ಟರು ಕೊಟ್ಟ ಔಷಧಿ ಹಚ್ಚಬಹುದು, ಎಣ್ಣೆ ಹಾಕಬಹುದು. ದಿನಾ ಒಂದೇ ಜಾಗದಲ್ಲಿ ಕ್ಲಿಪ್ ಹಾಕಿದರೆ ಅಲ್ಲಿ ಕೂದಲು ತೆಳ್ಳಗಾಗುತ್ತದೆ, ಹಾಗಾಗಿ ಆಗಾಗ ಅರ್ಧ ಇಂಚು ಆಚೀಚೆ ಮಾಡಿ. ಎಂಆರ್‌ಐ ಸ್ಕ್ಯಾನ್ ಇದ್ದರೆ ಲೋಹದ ಕ್ಲಿಪ್ ಇರುವುದನ್ನು ತೆಗೆದೇ ಹೋಗಬೇಕು.

ಟೇಪ್ ಎರಡೂ ಕಡೆ ಅಂಟುವ ಪಟ್ಟಿ. ಪ್ಯಾಚ್ ಹಾಕುವ ಗಂಡಸರಲ್ಲಿ ಹೆಚ್ಚಿನವರದು ಇದೇ. ಒಂದು ಸಲ ಹಾಕಿದರೆ ಎರಡು ವಾರ ನಿಲ್ಲುತ್ತದೆ ಅಂತ ಮಾರುವವರು ಹೇಳುತ್ತಾರೆ. ನಮ್ಮ ಬೇಸಿಗೆಯಲ್ಲಿ ಆ ಮಾತು ನಂಬಬೇಡಿ. ಬೆವರು ಜಾಸ್ತಿ ಬರುವ ತಲೆಗೆ ವಾರವೂ ಕಷ್ಟ. ಹಾಕುವ ಮುಂಚೆ ನೆತ್ತಿಯನ್ನು ತೊಳೆದು, ಪೂರ್ತಿ ಒಣಗಿಸಿ, ಜಿಡ್ಡು ತೆಗೆದಿರಬೇಕು. ಇಲ್ಲಿ ನಮ್ಮವರು ಸೋಲುವುದು ಕೊಬ್ಬರಿ ಎಣ್ಣೆಗೆ. ವಾರಕ್ಕೊಮ್ಮೆ ಅಮ್ಮ ತಲೆಗೆ ಎಣ್ಣೆ ಹಚ್ಚಿಯೇ ಹಚ್ಚುತ್ತಾರೆ, ಟೇಪು ಜಾರಿಯೇ ಜಾರುತ್ತದೆ. ಎಣ್ಣೆ ಬೇಕೇ ಬೇಕು ಅನ್ನುವವರು ಕ್ಲಿಪ್ಪಿಗೆ ಹೋಗಿ. ಕೂದಲು ಬೆಳೆಯಲಿ ಅಂತ ನೆತ್ತಿಗೆ ಮಿನಾಕ್ಸಿಡಿಲ್ ಔಷಧಿ ಹಚ್ಚುವವರಿಗೂ ಇದೇ ಮಾತು.

ಗಮ್ ಅಂದರೆ ಬೇಸಿನ ಅಂಚಿಗೆ ಹಚ್ಚುವ ದ್ರವ ಅಂಟು. ಲೇಸಿನ ಮುಂಭಾಗ ಕಾಣದ ಹಾಗೆ ಕೂರಿಸಲು ಇದನ್ನು ಮೀರಿಸಿದ್ದಿಲ್ಲ. ಆದರೆ ಅಲರ್ಜಿ ಬರುವುದೂ ಇದರಿಂದಲೇ ಜಾಸ್ತಿ. ಮೊದಲ ಸಲ ಹಾಕುವ ಮುಂಚೆ ಮೊಣಕೈ ಒಳಮಡಿಕೆಯಲ್ಲೋ ಕಿವಿಯ ಹಿಂದೆಯೋ ಒಂದು ಚುಕ್ಕಿ ಹಚ್ಚಿ ಎರಡು ದಿನ ಬಿಡಿ. ಕೆಂಪಾದರೆ ಬೇಡ. ಟೇಪಾಗಲಿ ಗಮ್ಮಾಗಲಿ, ತೆಗೆಯುವಾಗ ಅದಕ್ಕೆಂದೇ ಇರುವ ರಿಮೂವರ್ ಹಾಕಿ, ಅಂಟು ಸಡಿಲವಾಗುವವರೆಗೂ ಕಾಯಬೇಕು. ಕಿತ್ತರೆ ಬೇಸೂ ಹೋಗುತ್ತದೆ, ಚರ್ಮವೂ ಸುಲಿಯುತ್ತದೆ.

ಇನ್ನು ಹೊಲಿಗೆ. ಇರುವ ಕೂದಲನ್ನೇ ಸಣ್ಣಗೆ ಹೆಣೆದು ಅದಕ್ಕೆ ಪ್ಯಾಚ್ ಹೊಲಿದುಬಿಡುತ್ತಾರೆ. ತಿಂಗಳುಗಟ್ಟಲೆ ಯೋಚನೆಯೇ ಇಲ್ಲ ಅಂತ ಕೆಲವು ಕಡೆ ಇದನ್ನೇ ಒತ್ತಾಯ ಮಾಡುತ್ತಾರೆ. ಆ ಎಳೆತಕ್ಕೆ ಸುತ್ತಲಿನ ಗಟ್ಟಿ ಕೂದಲೂ ಉದುರುತ್ತದೆ. ಕೆಳಗೆ ತೊಳೆಯಲು ಆಗದೆ ಹೊಟ್ಟು ಕಟ್ಟುತ್ತದೆ. ನನ್ನ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಈಗ ಕೂದಲಿನ ಮಾತು

ತಿರುಪತಿಯಲ್ಲಿ ಕೊಟ್ಟ ಮುಡಿ ಎಲ್ಲಿಗೆ ಹೋಗುತ್ತದೆ ಅಂತ ನಮ್ಮಲ್ಲಿ ಎಷ್ಟೋ ಜನ ಯೋಚಿಸಿರುವುದಿಲ್ಲ. ದೇವಸ್ಥಾನದವರು ಅದನ್ನು ಹರಾಜು ಹಾಕುತ್ತಾರೆ. ಉದ್ದಕ್ಕೆ ತಕ್ಕ ಬೆಲೆ. ನಮ್ಮ ರಾಜ್ಯದಲ್ಲೇ ಕೊಪ್ಪಳದ ಭಾಗ್ಯನಗರ ಕೂದಲಿನ ಕೆಲಸಕ್ಕೆ ಹೆಸರಾದ ಊರು. ಬೀದಿಯಲ್ಲಿ ಬಾಚಣಿಗೆ ಕೂದಲಿಗೆ ಪಾತ್ರೆ, ಪಿನ್ನು ಕೊಟ್ಟು ಒಯ್ಯುತ್ತಾರಲ್ಲ, ಅದೂ ಬಿಡಿಸಿ, ತೊಳೆದು, ಉದ್ದ ನೋಡಿ ಬೇರೆ ಮಾಡುವ ಕೈಗಳಿಗೆ ಹೋಗುತ್ತದೆ.

ಈ ಎರಡರ ವ್ಯತ್ಯಾಸವೇ ರೆಮಿ ಮತ್ತು ನಾನ್ ರೆಮಿ. ಕೂದಲಿನ ಮೇಲ್ಪದರ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಒಂದೇ ದಿಕ್ಕಿಗೆ ಕೂತಿರುತ್ತದೆ. ಮುಡಿ ಕೊಟ್ಟ ಕೂದಲಲ್ಲಿ ಬುಡ ಒಂದು ಕಡೆ, ತುದಿ ಒಂದು ಕಡೆ ಇಟ್ಟು ಕಾಪಾಡಬಹುದು. ಅದು ರೆಮಿ, ಸಿಕ್ಕು ಕಡಿಮೆ. ಬಾಚಣಿಗೆ ಕೂದಲಲ್ಲಿ ದಿಕ್ಕು ಕಲಸಿಹೋಗಿರುತ್ತದೆ. ಸಿಕ್ಕಾಗದಿರಲಿ ಅಂತ ಆಮ್ಲದಲ್ಲಿ ಆ ಪದರ ತೆಗೆದು ಸಿಲಿಕೋನ್ ಲೇಪ ಕೊಡುತ್ತಾರೆ. ಅಂಗಡಿಯಲ್ಲಿ ಫಳಫಳ ಹೊಳೆಯುತ್ತದೆ. ನಾಲ್ಕೈದು ಸಲ ತೊಳೆದ ಮೇಲೆ ಲೇಪ ಹೋಗಿ ಒರಟಾಗುತ್ತದೆ. ಹಾಗಾಗಿ ಅತಿ ಹೊಳಪು ಕಂಡರೆ ಖುಷಿಪಡಬೇಡಿ, ಅನುಮಾನಪಡಿ.

ಸಿಂಥೆಟಿಕ್ ಕೂದಲು ಅಗ್ಗ, ಹಗುರ, ತೊಳೆದರೂ ಆಕಾರ ಬಿಡುವುದಿಲ್ಲ, ಬಿಸಿಲಿಗೆ ಬಣ್ಣವೂ ಬೇಗ ಕೆಡುವುದಿಲ್ಲ. ಡೈ ಹಾಕಿದ ನಿಜ ಕೂದಲು ನಮ್ಮ ಬಿಸಿಲಿಗೆ ಕೆಂಚಗಾಗುತ್ತದೆ. ಆದರೆ ಸಿಂಥೆಟಿಕ್‌ಗೆ ಶಾಖ ಆಗದು. ಕುಕ್ಕರ್ ಮುಚ್ಚಳ ತೆಗೆದಾಗ ಬರುವ ಹಬೆ, ದೋಸೆ ಹಂಚಿನ ಕಾವು, ಮೆಣಸಿನಕಾಯಿ ಕರಿಯುವ ಬಾಣಲೆ, ಇವಿಷ್ಟು ಸಾಕು ಮುಂಗೂದಲು ಸುರುಟಲು. ದಿನಾ ಹಾಕಿದರೆ ನಾಲ್ಕರಿಂದ ಆರು ತಿಂಗಳು. ನಿಜ ಕೂದಲಿನ ವಿಗ್ ವರ್ಷ ದಾಟುತ್ತದೆ. ನಿಜವೋ ಅಲ್ಲವೋ ಅನುಮಾನವಿದ್ದರೆ ಒಂದು ಎಳೆ ಕೇಳಿ ಪಡೆದು ಸುಡಿ. ನಿಜ ಕೂದಲು ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನರೆ ಇದ್ದವರು ನರೆ ಬೆರೆತದ್ದನ್ನೇ ಕೊಳ್ಳಿ. ಐವತ್ತು ದಾಟಿದವರ ಕಿವಿಯ ಪಕ್ಕ ಬಿಳಿ, ನೆತ್ತಿ ಮಾತ್ರ ಕಾಗೆ ಕಪ್ಪು ಅಂದರೆ ಯಾರಿಗಾದರೂ ಗೊತ್ತಾಗುತ್ತದೆ. ಬೆರೆಸುವ ಬಿಳಿ ಎಳೆಗಳು ಬಹಳ ಸಲ ಸಿಂಥೆಟಿಕ್ ಆಗಿರುತ್ತವೆ, ಅದರಲ್ಲಿ ಮೋಸವಿಲ್ಲ. ದಟ್ಟಣೆಯಲ್ಲೂ ಆಸೆ ಬೇಡ. ಹಣೆಯ ಅಂಚನ್ನು ಇಪ್ಪತ್ತರ ಹುಡುಗನ ಹಾಗೆ ಕೆಳಗೆ ಎಳೆಸಿಕೊಳ್ಳುವುದು ಗಂಡಸರ ಮಾಮೂಲಿ ಆಸೆ. ನಲವತ್ತರವರಿಗೆ ಎರಡು ಪಕ್ಕ ಸ್ವಲ್ಪ ಮೇಲೇರಿದ, ಮುಂದೆ ತುಸು ತೆಳ್ಳಗಿರುವ ಅಂಚೇ ಸಹಜ. ಬಣ್ಣ, ಅಂಚು ಎರಡನ್ನೂ ಬಾಗಿಲಾಚೆ ಹಗಲು ಬೆಳಕಿನಲ್ಲಿ ನೋಡದೆ ದುಡ್ಡು ಕೊಡಬೇಡಿ.

ಕೀಮೋ ತೆಗೆದುಕೊಳ್ಳುವವರಿಗೆ

ಇಲ್ಲಿ ಲೆಕ್ಕವೇ ಬೇರೆ. ಎಲ್ಲ ಕೀಮೋ ಔಷಧಿಗೂ ಕೂದಲು ಹೋಗುವುದಿಲ್ಲ, ನಿಮ್ಮದಕ್ಕೆ ಹೋಗುತ್ತದೆಯೇ ಅಂತ ಡಾಕ್ಟರನ್ನು ಮೊದಲೇ ಕೇಳಿ. ಹೋಗುವುದಾದರೆ ಸಾಮಾನ್ಯವಾಗಿ ಮೊದಲ ಡೋಸ್ ಆದ ಎರಡು ಮೂರು ವಾರಕ್ಕೆ ಶುರು. ಅದಕ್ಕೆ ಮುಂಚೆಯೇ ಒಂದು ಫೋಟೋ ತೆಗೆದು, ಒಂದು ಸಣ್ಣ ಗೊಂಚಲು ಕೂದಲು ಕತ್ತರಿಸಿ ಇಟ್ಟುಕೊಂಡರೆ ಬಣ್ಣ ಹೊಂದಿಸಲು ಸುಲಭ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆಂದು ಬೆಂಗಳೂರಿಗೆ ಓಡಾಡುವವರು ಆ ಓಡಾಟದಲ್ಲೇ ವಿಗ್ ನೋಡಿಬರಬಹುದು, ಅಲ್ಲಿ ಆಯ್ಕೆ ಹೆಚ್ಚು.

ಟೇಪ್, ಗಮ್ ಎರಡೂ ಬೇಡ. ಆಗ ಚರ್ಮ ನಾಜೂಕಾಗಿರುತ್ತದೆ, ಸಣ್ಣ ಗಾಯವೂ ಸೋಂಕಾಗಬಹುದು. ಒಳಗೆ ಹತ್ತಿಯ ಟೋಪಿ, ಮೇಲೆ ಹಗುರ ಸಿಂಥೆಟಿಕ್ ವಿಗ್ ಸಾಕು. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ಕೂದಲು ವಾಪಸ್ ಬರುವುದರಿಂದ ನಿಜ ಕೂದಲಿಗೆ ದೊಡ್ಡ ಮೊತ್ತ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಮೆತ್ತನೆ ಸ್ಕಾರ್ಫ್ ಸಾಕು. ಬಂದವರಿಗೆಲ್ಲ ವಿಗ್ ಹಾಕಿ ತೋರಿಸುವ ಹಂಗೂ ಇಲ್ಲ.

ದುಡ್ಡು ಮತ್ತು ಎಲ್ಲಿ ಕೊಳ್ಳುವುದು

ಬೆಲೆಯನ್ನು ತಿಂಗಳಿಗೆ ಇಳಿಸಿ ನೋಡಿ. ಉದಾಹರಣೆಗೆ 12,000 ರೂಪಾಯಿಯ ಪ್ಯಾಚ್ ಆರು ತಿಂಗಳು ಬಂದರೆ ತಿಂಗಳಿಗೆ 2,000. ಅದರ ಮೇಲೆ ಟೇಪ್, ರಿಮೂವರ್, ತೆಗೆದು ತೊಳೆದು ಮತ್ತೆ ಕೂರಿಸುವ ಸರ್ವಿಸ್ ಖರ್ಚು. 6,000ದ್ದು ಎರಡೇ ತಿಂಗಳು ಬಂದರೆ ಅದು ಅಗ್ಗ ಅಲ್ಲ, ಅಲ್ವಾ? ದಿನಾ ಹಾಕುವವರು ಒಂದೇ ದುಬಾರಿಯದಕ್ಕಿಂತ ಮಧ್ಯಮ ಬೆಲೆಯ ಎರಡನ್ನು ಕೊಂಡು ಬದಲಾಯಿಸಿ ಹಾಕುವುದು ವಾಸಿ.

ಆನ್‌ಲೈನಿನಲ್ಲಿ ಬೆಲೆ ಕಡಿಮೆ ಕಾಣುತ್ತದೆ. ಆದರೆ ತಲೆಗೆ ಹಾಕುವ ವಸ್ತು ಅಂತ ಬಹಳ ಕಡೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಜೊತೆಗೆ ಪ್ಯಾಚ್ ಬಂದ ಹಾಗೇ ಹಾಕುವ ವಸ್ತುವೂ ಅಲ್ಲ. ತಲೆಯ ಮೇಲೆ ಕೂರಿಸಿ, ನಿಮ್ಮ ಕೂದಲಿನ ಜೊತೆ ಸೇರಿಸಿ ಕತ್ತರಿಸಿದಾಗಲೇ ಅದಕ್ಕೆ ಜೀವ. ಹಾಗಾಗಿ ನಾನು ಆರಿಸುವುದು ಕೈಯನ್ನು, ಬೋರ್ಡನ್ನಲ್ಲ. ದಾವಣಗೆರೆಯಲ್ಲಿ ಪ್ಯಾಚ್ ಕೂರಿಸಿ, ಹೊಂದಿಸಿ ಕತ್ತರಿಸಬಲ್ಲವರು ಹತ್ತಿರದಲ್ಲಿದ್ದರೆ, ಬೆಂಗಳೂರಿನ ದೊಡ್ಡ ಶೋರೂಮಿಗಿಂತ ಅವರೇ ಮೇಲು. 260 ಕಿಲೋಮೀಟರ್ ದೂರದವರು ಟೇಪ್ ಎದ್ದ ದಿನ ಬರುವುದಿಲ್ಲವಲ್ಲ. ವರ್ಷದ ಪ್ಯಾಕೇಜ್ ಅಂತ ಮುಂಗಡವೇ ಪೂರ್ತಿ ಕಟ್ಟಿಸಿಕೊಳ್ಳುವವರಿಂದ ದೂರ ಇರಿ. ನನ್ನ ಪರಿಚಯದವರೊಬ್ಬರು ಹಾಗೆ ಕಟ್ಟಿದ ಮೇಲೆ ಸಲೂನಿನವರು ಫೋನೇ ತೆಗೆಯದ ಹಾಗಾಯಿತು.

ಹಾಕಿಕೊಂಡ ಮೇಲೆ

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದರೆ ಕೂದಲು ಬೇಗ ಮಂಕಾಗುತ್ತದೆ, ನಲ್ಲಿ ನೀರು ಹಿಡಿದಿಟ್ಟುಕೊಳ್ಳಿ. ತಣ್ಣೀರಿನಲ್ಲಿ ಸೌಮ್ಯ ಶಾಂಪೂ ಹಾಕಿ, ಉಜ್ಜದೆ ತೊಳೆದು, ಟವೆಲ್ಲಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ. ಕಂಡೀಶನರ್ ತುದಿಗಷ್ಟೇ, ಬುಡದ ಗಂಟಿಗೆ ತಾಗಿದರೆ ಕೂದಲು ಜಾರಿ ಬರುತ್ತದೆ. ಬಾಚುವುದು ತುದಿಯಿಂದ ಮೇಲಕ್ಕೆ, ಅದೂ ಒಣಗಿದ ಮೇಲೆ.

ಮದುವೆ ಮಾತುಕತೆ ನಡೆಯುತ್ತಿದ್ದರೆ ಹುಡುಗನೋ ಹುಡುಗಿಯೋ, ಹಾಕುವುದನ್ನು ನಿಶ್ಚಯಕ್ಕೆ ಮುಂಚೆಯೇ ಹೇಳಿಬಿಡಿ. ಆಫೀಸಿನವರಿಗೆ, ಪಕ್ಕದ ಮನೆಯವರಿಗೆ ಹೇಳುವ ಋಣ ಏನೂ ಇಲ್ಲ. ಕೇಳಿದರೆ "ಹೇರ್ ಕಟ್ ಬದಲಾಯಿಸಿದೆ" ಅಂದರೂ ಸುಳ್ಳೇನಲ್ಲ.

ಮೊದಲ ಸಲ ಹಾಕುವುದನ್ನು ಮದುವೆ ಮನೆಗೆ ಇಟ್ಟುಕೊಳ್ಳಬೇಡಿ. ರಜೆಯ ದಿನ ಬೆಳಿಗ್ಗೆ ಮನೆಯಲ್ಲಿ ಹಾಕಿ. ಬಗ್ಗಿ ಚಪ್ಪಲಿ ಹುಡುಕಿ, ಮೆಟ್ಟಿಲು ಹತ್ತಿ, ಒಳಗೆ ನುಣುಪು ಬಟ್ಟೆಯಿರುವ ಹೆಲ್ಮೆಟ್ ಹಾಕಿ ಹದಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿಬನ್ನಿ. ಹೆಲ್ಮೆಟ್ ತೆಗೆಯುವಾಗ ಹಿಂದಿನಿಂದ ಮುಂದಕ್ಕೆ ಎಳೆಯಬೇಡಿ, ಎರಡು ಪಕ್ಕ ಹಿಗ್ಗಿಸಿ ನೇರ ಮೇಲಕ್ಕೆ ಎತ್ತಿ. ಸಂಜೆಯವರೆಗೂ ಹಾಕಿಯೇ ಇರಿ. ಬೆಳಿಗ್ಗೆ ಗೊತ್ತಾಗದ ಬಿಗಿತ, ತುರಿಕೆ, ಸಡಿಲ ಅಂಚು ಎಲ್ಲ ಸಂಜೆ ಹೊತ್ತಿಗೆ ತಿಳಿಯುತ್ತದೆ. ತಿಳಿದದ್ದನ್ನು ಬರೆದುಕೊಂಡು, ಮಾರನೇ ದಿನವೇ ಕೂರಿಸಿದವರ ಹತ್ತಿರ ಹೋಗಿ ಸರಿಮಾಡಿಸಿ.